ಹುಡುಗಿ ಜರ್ಮನಿಯಲ್ಲಿ, ತೋಟ ಪೆರ್ಲದಲ್ಲಿ: ಕೃಷಿಕನಿಗೆ ಷೆಂಗೆನ್ ವೀಸಾ ಸಿಗ್ತದಾ?

ಪೆರ್ಲದ ತೋಟಗಾರ

ಗೊತ್ತಿದ್ದವರು ಸ್ವಲ್ಪ ದಾರಿ ಹೇಳಿ. ನನ್ನದು ಕೇರಳದ ಕಾಸರಗೋಡು ಕಡೆ, ಪೆರ್ಲ ಹತ್ತಿರ ಅಡಿಕೆ ತೋಟ. ನಿಶ್ಚಿತಾರ್ಥ ಆಗಿದೆ, ಮದುವೆ ಬರುವ ಎಪ್ರಿಲಿಗೆ. ಹುಡುಗಿ ನರ್ಸ್. ನೋರ್ಕಾ (ಹೊರದೇಶದಲ್ಲಿರುವ ಕೇರಳದವರಿಗಾಗಿ ಸರ್ಕಾರ ನಡೆಸುವ ಸಂಸ್ಥೆ) ನರ್ಸ್‌ಗಳನ್ನು ಕಳಿಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ಜರ್ಮನಿಗೆ ಹೋದವಳು. ಇರುವ ರಜೆಯನ್ನೆಲ್ಲ ಮದುವೆಗೆ ಅಂತ ಕೂಡಿಡ್ತಿದ್ದಾಳೆ, ಈ ವರ್ಷ ಊರಿಗೆ ಬರುವುದಿಲ್ಲ. ಹಾಗಾಗಿ ಅಡಿಕೆಗೆ ಕೊಳೆರೋಗದ ಎರಡನೇ ಮದ್ದು ಬಿಟ್ಟು ಮುಗಿದು ಕೊಯ್ಲು ಶುರುವಾಗುವ ಮೊದಲು, ಅಂದ್ರೆ ಸೆಪ್ಟೆಂಬರಿನಲ್ಲಿ, ನಾನೇ ಒಂದು ಮೂರು ವಾರ ಹೋಗಿ ಬರುವ ಅಂತ.

ತಲೆಬಿಸಿ ಏನಂದ್ರೆ ನನಗೆ ಸಂಬಳದ ಚೀಟಿ ಇಲ್ಲ. ಐಟಿ ರಿಟರ್ನ್ ಹಾಕಿದ್ದೇ ಇಲ್ಲ. ಜಾಗ ಅಪ್ಪನ ಹೆಸರಲ್ಲಿ. ಪಾಸ್‌ಪೋರ್ಟ್ ಹೊಸತು, ಒಂದು ಸೀಲೂ ಬಿದ್ದಿಲ್ಲ. ಒಬ್ಬ ಏಜೆಂಟರ ಹತ್ತಿರ ಕೇಳಿದೆ. "ಹುಡುಗಿ ಅಲ್ಲಿದ್ದಾಳೆ ಅಂತ ಬಾಯಿ ಬಿಡ್ಬೇಡಿ. ಟೂರಿಸ್ಟ್ ಅಂತ ಹಾಕುವ, ಹೋಟೆಲ್ ಬುಕಿಂಗ್ ನಾನು ಮಾಡಿಸ್ತೇನೆ, ವೀಸಾ ಆದ ಕೂಡ್ಲೆ ಕ್ಯಾನ್ಸಲ್ ಮಾಡಿದ್ರಾಯ್ತು" ಅಂದ್ರು. ಅವಳಿಗೆ ಇದು ಬಿಲ್ಕುಲ್ ಇಷ್ಟ ಇಲ್ಲ. ನನಗೂ ಮನಸ್ಸು ಒಪ್ಪುವುದಿಲ್ಲ, ಆದ್ರೆ ರಿಜೆಕ್ಟ್ ಆದ್ರೆ ಅಂತ ಹೆದರಿಕೆ. ಎಂಥ ಮಾಡ್ಲಿ?

ಕುಂಬಳೆ ಲೋಕಲ್

ಅಡಿಕೆಗೆ ಈಗಿನ ರೇಟು ನೋಡಿದ್ರೆ ಜರ್ಮನಿಯವರೇ ನಿಮ್ಮಲ್ಲಿಗೆ ವೀಸಾ ಕೇಳ್ಕೊಂಡು ಬರ್ಬೇಕು ಮಾರಾಯ್ರೆ.

ಸಿಡಿಲಮರಿ

ಏಜೆಂಟ್ ಹೇಳಿದ್ದು ಸರಿ ಉಂಟು. ಪ್ರಾಯದ ಹುಡುಗ, ಮದುವೆ ಆಗಿಲ್ಲ, ಕೆಲಸ ಅಂತ ಕಾಗದ ಇಲ್ಲ, ಹುಡುಗಿ ಅಲ್ಲಿ. ವೀಸಾ ಆಫೀಸರಿಗೆ ಇದು "ಹೋದವ ವಾಪಸು ಬರ್ಲಿಕ್ಕಿಲ್ಲ" ಅಂತಲೇ ಕಾಣುವುದು. ನನ್ನ ದೊಡ್ಡಮ್ಮನ ಮಗ ಟೂರಿಸ್ಟ್ ಅಂತಲೇ ಹೋಗಿ ಬಂದ. ಏನೂ ಆಗಿಲ್ಲ.

ಮ್ಯೂನಿಕ್ ಮಾಣಿ

ತೋಟಗಾರರೇ, ದಯವಿಟ್ಟು ಆ ಏಜೆಂಟರ ಮಾತು ಕೇಳ್ಬೇಡಿ.

ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಿಗೆ ಷೆಂಗೆನ್ ದೇಶಗಳು ಅಂತಾರೆ. ಅವಕ್ಕೆ ವೀಸಾದ್ದೇ ಒಂದು ಒಟ್ಟು ದಾಖಲೆ ಉಂಟು, ವಿಐಎಸ್ ಅಂತ. ನಿಮ್ಮ ಅರ್ಜಿ, ಬೆರಳಚ್ಚು, ರಿಜೆಕ್ಟ್ ಆದರೆ ಅದರ ಕಾರಣ ಎಲ್ಲ 5 ವರ್ಷ ಅದರಲ್ಲಿ ಕೂತಿರ್ತದೆ. ಮುಂದಿನ ವರ್ಷ ಮದುವೆಯಾಗಿ ಹೆಂಡತಿಯ ಜೊತೆ ಇರ್ಲಿಕ್ಕೆ ವೀಸಾ ಕೇಳುವಾಗ "ಕಳೆದ ಸಲ ನೀವು ಟೂರಿಸ್ಟ್ ಅಂತ ಬಂದಿದ್ರಲ್ಲ, ಆಗ ಇವರ ಪರಿಚಯ ಇರ್ಲಿಲ್ವಾ?" ಅಂತ ಕೇಳಿದ್ರೆ ಎಂಥ ಹೇಳ್ತೀರಿ? ನಿಶ್ಚಿತಾರ್ಥದ ಫೋಟೋದಲ್ಲಿ ತಾರೀಕು ಇರ್ತದೆ.

ಅರ್ಜಿಯಲ್ಲಿ "ಬಂಧು-ಮಿತ್ರರ ಭೇಟಿ" ಅಂತ ಪ್ರತ್ಯೇಕ ಕಾರಣವೇ ಉಂಟು. ಅದನ್ನೇ ಹಾಕಿ. ಹುಡುಗಿ ಅವಳ ಊರಿನ ವಿದೇಶೀಯರ ಕಚೇರಿಗೆ ಹೋಗಿ ಒಂದು ಜವಾಬ್ದಾರಿ ಪತ್ರ ಮಾಡಿಸ್ಲಿ. ಫೆರ್‌ಫ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್ ಅಂತಾರೆ. ಅವಳ ಸಂಬಳ ನೋಡಿ ಕೊಡ್ತಾರೆ, ಶುಲ್ಕ 29 ಯೂರೋ. ನಿಮ್ಮ ಊಟ, ವಸತಿ, ಆಸ್ಪತ್ರೆ ಖರ್ಚು, ಕೊನೆಗೆ ನಿಮ್ಮನ್ನು ವಾಪಸು ಕಳಿಸುವ ಖರ್ಚು ಬಂದ್ರೂ ತಾನು ಹೊರ್ತೇನೆ ಅಂತ ಅವಳು ಬರೆದುಕೊಡುವುದು. ಮೂಲ ಪ್ರತಿಯೇ ಬೇಕು, ಕೊರಿಯರಲ್ಲಿ ತರಿಸಿ.

ಕುಂಬಳೆ ಲೋಕಲ್

ಆ ಪತ್ರದ ಹೆಸರು ಓದಿ ಮುಗಿಸುವಾಗ ನನ್ನ ಬಸ್ಸು ತಲಪಾಡಿ ದಾಟಿತು.

ಬದಿಯಡ್ಕದ ಅಕ್ಕ

ಮಾಣಿ ಹೇಳಿದ್ದು ಸರಿ. ಆದ್ರೆ ಆ ಪತ್ರ ಖರ್ಚಿಗೆ ಮಾತ್ರ ಉತ್ತರ. "ವಾಪಸು ಬರ್ತೀಯಾ" ಅನ್ನುವ ಪ್ರಶ್ನೆಗೆ ಅದು ಉತ್ತರ ಅಲ್ಲ. ಅದಕ್ಕೆ ಊರಿನ ಕಾಗದವೇ ಬೇಕು. ತೋಟವನ್ನು ನೀನು ನೋಡ್ಕೊಳ್ಳುವುದು ಅಂತ ತೋರಿಸ್ಲಿಕ್ಕೆ ಏನುಂಟು ತಮ್ಮಾ?

ಪೆರ್ಲದ ತೋಟಗಾರ

ಅದೇ ಅಲ್ವಾ ಅಕ್ಕಾ ಕಷ್ಟ. ಅರ್ಧ ಅಡಿಕೆ ಪೆರ್ಲದ ಅಂಗಡಿಗೆ ಕೊಡುವುದು, ನಗದು. ಉಳಿದದ್ದು ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊಗೆ, ಅಪ್ಪನ ಸದಸ್ಯತ್ವದಲ್ಲಿ. ದುಡ್ಡು ಬರುವುದು ಅಪ್ಪನ ಖಾತೆಗೆ. ನನ್ನ ಖಾತೆಯಲ್ಲಿ ಇರುವುದು ಹಾಲಿನ ಸೊಸೈಟಿಯ ದುಡ್ಡು ಮಾತ್ರ.

ನೀರ್ಚಾಲ್ ಭಟ್ರು

ಹಾಲಿನ ಸೊಸೈಟಿಯ ದುಡ್ಡು "ಮಾತ್ರ" ಅಲ್ಲ ಮಾರಾಯಾ, ಅದೇ ನಿನ್ನ ಸಂಬಳದ ಚೀಟಿ. ತಿಂಗಳು ತಿಂಗಳು ನಿನ್ನ ಹೆಸರಿಗೆ ಬರುವ ದುಡ್ಡಿಗಿಂತ ಒಳ್ಳೆಯ ದಾಖಲೆ ಯಾವುದುಂಟು? ಸೊಸೈಟಿಯಿಂದ ಒಂದು ಪತ್ರ ತೆಗೊ.

ನನ್ನ ಮಗ ನೆದರ್‌ಲ್ಯಾಂಡ್ಸಿಗೆ ಹೋದಾಗ ನಾವು ಮಾಡಿದ್ದು ಹೇಳ್ತೇನೆ. ಅವನಿಗೂ ಬೇರೆ ನೌಕರಿ ಇಲ್ಲ, ತೋಟವೇ. ಕ್ಯಾಂಪ್ಕೊದ ಬಿಲ್ಲುಗಳನ್ನೆಲ್ಲ ವರ್ಷವಾರು ಹೊಲಿದೆವು. ಗ್ರಾಮ ಕಚೇರಿಯಿಂದ ಭೂತೆರಿಗೆ ರಶೀದಿ, ಸ್ವಾಧೀನ ಪತ್ರ, ವರಮಾನ ಪತ್ರ. ಅರ್ಜಿ ಎಲ್ಲ ಅಕ್ಷಯ ಕೇಂದ್ರದಲ್ಲೇ (ಕೇರಳದಲ್ಲಿ ಸರ್ಕಾರಿ ಅರ್ಜಿ ಆನ್‌ಲೈನಿನಲ್ಲಿ ಹಾಕಿಕೊಡುವ ಕೇಂದ್ರ) ಆಯ್ತು. ಆಮೇಲೆ ನಾನು ಮುದ್ರಾಪತ್ರದಲ್ಲಿ "ಜಾಗ ನನ್ನ ಹೆಸರಲ್ಲಿದ್ದರೂ ಕೃಷಿ ನಡೆಸುವವನು ನನ್ನ ಮಗ, ಕೊಯ್ಲಿಗೆ ಅವನು ಇರಲೇಬೇಕು" ಅಂತ ಬರೆದು ನೋಟರಿ ಮಾಡಿಸಿ ಕೊಟ್ಟೆ. ಕೃಷಿಭವನದಿಂದಲೂ ಒಂದು ಕಾಗದ ಸಿಕ್ಕಿತು. ರಶೀದಿಗಳಲ್ಲಿ ಮಲಯಾಳ ಇತ್ತು, ಅದನ್ನೆಲ್ಲ ಇಂಗ್ಲಿಷಿಗೆ ಮಾಡಿಸಿ ಜೊತೆಗೆ ಪಿನ್ ಹೊಡೆದೆವು. ಕೌಂಟರಿನ ಹುಡುಗಿ ಬಿಲ್ಲಿನ ಕಟ್ಟು ತಿರುಗಿಸಿ ತಿರುಗಿಸಿ ನೋಡಿ "ಇದೆಂತ ಬೆಳೆ ಸಾರ್?" ಅಂತ ಕೇಳಿದ್ಳಂತೆ. ಇವ ಜೇಬಿನಿಂದ ಒಂದು ಗೋಟು ಅಡಿಕೆ ತೆಗೆದು ತೋರಿಸಿದ್ನಂತೆ!

ಮಂಜೇಶ್ವರ ಮೇಷ್ಟ್ರು

ಒಂದೆರಡು ತಿದ್ದುಪಡಿ.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಹಾಗಂತ ರಿಟರ್ನ್ ಹಾಕಬಾರದು ಅಂತ ಇಲ್ಲ. ತೆರಿಗೆ ಸೊನ್ನೆ ಆದರೂ ಹಾಕಬಹುದು, ಹಾಕಿದರೆ ಇಂಥ ಹೊತ್ತಿಗೆ ಒಂದು ಸರ್ಕಾರಿ ದಾಖಲೆ ಕೈಯಲ್ಲಿರುತ್ತದೆ. ಆದರೆ ಅಕ್ಷಯದ ಹುಡುಗರು ಅಭ್ಯಾಸಬಲದಿಂದ ಐಟಿಆರ್-1 ತುಂಬಿಬಿಡುತ್ತಾರೆ. ಕೃಷಿ ಆದಾಯ 5000 ರೂಪಾಯಿಗಿಂತ ಹೆಚ್ಚಿದ್ದರೆ ಅದು ನಡೆಯುವುದಿಲ್ಲ, ಐಟಿಆರ್-2 ಬೇಕು. ಹಾಲು ಮಾರಿದ್ದು ಕೃಷಿ ಆದಾಯದ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಯೇ ಹಾಕಿ.

ಎರಡನೆಯದು, ವೀಸಾಕ್ಕೆ ಹಾಕುವ ಮುಂಚೆ ಅಪ್ಪನ ಖಾತೆಯಿಂದ ಒಮ್ಮೆಲೇ ಲಕ್ಷಗಟ್ಟಲೆ ನಿಮ್ಮ ಖಾತೆಗೆ ಹಾಕಿಸಬೇಡಿ. ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ನೋಡುವವರಿಗೆ ಅದು ಮೊದಲು ಕಣ್ಣಿಗೆ ಬೀಳುತ್ತದೆ. ಹಾಕಿಸಲೇಬೇಕಿದ್ದರೆ ಎಲ್ಲಿಂದ ಬಂತು ಅಂತ ಒಂದು ಪತ್ರ ಇರಲಿ.

ಸಿಡಿಲಮರಿ

ಇಷ್ಟೆಲ್ಲ ಕಾಗದ ಹೊತ್ತುಕೊಂಡು ಹೋಗಿ ರಿಜೆಕ್ಟ್ ಆದ್ರೆ ಮೇಷ್ಟ್ರು ದುಡ್ಡು ಕೊಡ್ತಾರಾ? ಫೀಸು 90 ಯೂರೋ, ವಾಪಸು ಬರುವುದಿಲ್ಲ.

ಮಂಜೇಶ್ವರ ಮೇಷ್ಟ್ರು

ಕೊಡುವುದಿಲ್ಲ. ಸುಳ್ಳು ಬುಕಿಂಗ್ ಸಿಕ್ಕಿಬಿದ್ದರೆ ನೀವು ಕೊಡುತ್ತೀರಾ?

ಮೊಗ್ರಾಲ್ ಕಾಕ

ಮಕ್ಕಳೇ, ಓದ್ತಾ ನಗು ಬಂತು. ನಾನು ಗಲ್ಫಿಗೆ ಹೋದದ್ದು ಎಂಬತ್ತರ ದಶಕದಲ್ಲಿ, ಬೊಂಬಾಯಿ ಮೂಲಕ. ಮದುವೆಯಾಗಿ ತಿಂಗಳು ತುಂಬುವ ಮೊದಲು ಹೊರಟವ. ಹೆಂಡತಿಯ ದನಿ ಕೇಳ್ಬೇಕಾದ್ರೆ ಕ್ಯಾಸೆಟ್. ಅವಳು ಟೇಪ್‌ರೆಕಾರ್ಡರ್ ಮುಂದೆ ಕೂತು ಮಾತಾಡಿ, ನಮ್ಮ ಊರಿನವ ಯಾರಾದ್ರೂ ಹೊರಟ್ರೆ ಅವನ ಕೈಲಿ ಕಳಿಸುವುದು. ನಾವು ರೂಮಿನಲ್ಲಿ ಹತ್ತು ಜನ. ಒಬ್ಬನ ಕ್ಯಾಸೆಟ್ ಬಂದ್ರೆ ಉಳಿದವರೆಲ್ಲ ಮರ್ಯಾದೆಗೆ ಹೊರಗೆ ಹೋಗಿ ನಿಲ್ಲುವುದು, ಆ ಬಿಸಿಲಲ್ಲಿ. ಅವಳನ್ನು ಕರೆಸುವ ಅಂದ್ರೆ ಸಂಬಳ ಸಾಲದು. ಈಗಲೂ ಯುಎಇಯಲ್ಲಿ ಹೆಂಡತಿಯನ್ನು ಕರೆಸ್ಲಿಕ್ಕೆ 4000 ದಿರ್ಹಮ್ ಸಂಬಳ ಬೇಕು, ಇಲ್ಲದಿದ್ರೆ 3000 ಮತ್ತು ಕಂಪನಿಯ ಮನೆ.

ತೋಟಗಾರ, ನಿನ್ನ ಹುಡುಗಿಯೇ ಖರ್ಚು ಹೊರ್ತೇನೆ ಅಂತ ಬರೆದುಕೊಡ್ತಾಳೆ ಅಂದ್ರೆ ನಿನ್ನದು ಒಳ್ಳೆಯ ಅದೃಷ್ಟ. ಹೋಗಿ ಬಾ.

ಸ್ವರ್ಗ ಸೀಮೆ

ಕಾಕ ಚೆನ್ನಾಗಿ ಹೇಳಿದ್ರು. ಆದ್ರೆ ಒಂದು ಮಾತು, ಯಾರೂ ಬೇಜಾರು ಮಾಡ್ಬೇಡಿ. ಮದುವೆಗೆ ಮೊದಲು ಮೂರು ವಾರ ಅಲ್ಲಿ ಹೋಗಿ ಇರುವುದು ಅಂದ್ರೆ ಎರಡೂ ಮನೆಯವರು ಒಪ್ಪಿದ್ದಾರಾ? ನಮ್ಮ ಕಡೆ ಮಾತು ಹೇಗೆ ಹಬ್ಬುತ್ತದೆ ಅಂತ ಗೊತ್ತಲ್ವಾ.

ಬದಿಯಡ್ಕದ ಅಕ್ಕ

ಒಪ್ಪದಿದ್ರೆ ಅವ ಇಲ್ಲಿ ಬಂದು ಬಿಲ್ಲು ರಶೀದಿ ಅಂತ ಕೇಳ್ತಿದ್ನಾ? ಅವರವರ ಮನೆ ಪಂಚಾತಿಗೆ ನಮಗ್ಯಾಕೆ.

ಪೆರ್ಲದ ತೋಟಗಾರ

ಅಮ್ಮನೇ ಹೋಗಿ ಬಾ ಅಂದದ್ದು. ಅವಳ ಅಪ್ಪ ಮಾತ್ರ ಸ್ವಲ್ಪ ಗಂಭೀರ. "ಹೋಗಿ, ಆದ್ರೆ ಬೇರೆ ಕಡೆ ಉಳಿಯಿರಿ" ಅಂದ್ರು.

ಮುಳ್ಳೇರಿಯ ಸಿಸ್ಟರ್

ನಾನೂ ಇಲ್ಲಿ ಜರ್ಮನಿಯಲ್ಲೇ ಆಸ್ಪತ್ರೆಯಲ್ಲಿರುವವಳು. ಎಲ್ಲರೂ ಹುಡುಗನ ಕಾಗದದ್ದೇ ಮಾತಾಡ್ತಿದ್ದೀರಿ, ಹುಡುಗಿಯ ಕಡೆಯಿಂದ ಒಂದೆರಡು ಹೇಳ್ತೇನೆ.

ಮೊದಲು, ಅವಳು ಇರುವುದು ಎಲ್ಲಿ? ಬಂದ ಹೊಸತರಲ್ಲಿ ನಮ್ಮನ್ನು ಹಾಕುವುದು ಆಸ್ಪತ್ರೆಯ ಹಾಸ್ಟೆಲಿಗೆ. ಒಂದು ಕೋಣೆ, ಅಡುಗೆಮನೆ ನಾಲ್ಕು ಜನಕ್ಕೆ ಸೇರಿ. ನನ್ನ ಹಾಸ್ಟೆಲಿನಲ್ಲಿ ಹೊರಗಿನವರು ರಾತ್ರಿ ಉಳೀಬೇಕಾದ್ರೆ ಮೊದಲೇ ಬರೆದು ಕೇಳ್ಬೇಕು, ಅದೂ ಮೂರು ರಾತ್ರಿ ಮಾತ್ರ. ಜವಾಬ್ದಾರಿ ಪತ್ರಕ್ಕೆ ಹೋದಾಗ "ಅವರು ಎಲ್ಲಿ ಮಲಗ್ತಾರೆ?" ಅಂತ ಕಚೇರಿಯಲ್ಲಿ ಕೇಳ್ತಾರೆ. ಬಾಡಿಗೆ ಕರಾರು, ಮನೆ ಎಷ್ಟು ಚದರ ಮೀಟರ್, ಎಲ್ಲ ನೋಡುವ ಕಚೇರಿಗಳೂ ಉಂಟು. ಅವಳು ಮೊದಲು ಇದನ್ನು ವಿಚಾರಿಸ್ಲಿ. ಹಾಸ್ಟೆಲಿನಲ್ಲಿ ಆಗದಿದ್ರೆ ಹತ್ತಿರದಲ್ಲಿ ನಿಜವಾದ ರೂಮೊಂದು ಬುಕ್ ಮಾಡಿ, ಉಳಿಯುವ ಉದ್ದೇಶ ಇದ್ದು ಮಾಡಿ. ಮಾವನ ಮಾತೂ ನಡೆದ ಹಾಗೆ ಆಯ್ತು.

ಮತ್ತೆ ಡ್ಯೂಟಿ ಪಟ್ಟಿ. ಸೆಪ್ಟೆಂಬರಿನ ಪಟ್ಟಿ ಬರುವ ಮೊದಲೇ ಅವಳು ಮೇಲ್ವಿಚಾರಕಿಯ ಹತ್ತಿರ ಮಾತಾಡ್ಬೇಕು. ಇಲ್ಲದಿದ್ರೆ ನೀವು ಅಷ್ಟು ದೂರ ಬಂದು ಅವಳು ರಾತ್ರಿ ಪಾಳಿ ಮುಗಿಸಿ ಹಗಲಿಡೀ ಮಲಗುವುದನ್ನು ನೋಡಿ ವಾಪಸು ಹೋಗುವುದು. ನನ್ನ ಗಂಡ ಬಂದಾಗ ಹಾಗೇ ಆಯ್ತು. ಪಾಪ, ಇಡೀ ವಾರ ಒಬ್ಬರೇ ಟ್ರಾಮಿನಲ್ಲಿ ಸುತ್ತಿ ಊರಿನ ಎಲ್ಲ ಸ್ಟಾಪು ಬಾಯಿಪಾಠ ಮಾಡಿದ್ರು.

ಉಪ್ಪಳ ಎಕ್ಸ್‌ಪ್ರೆಸ್

ಇಷ್ಟು ರಗಳೆ ಯಾಕೆ? ಇಬ್ಬರೂ ದುಬೈಗೆ ಬನ್ನಿ. ಮಂಗಳೂರಿನಿಂದ ನೇರ ವಿಮಾನ. ನಿಮಗೆ ವಿಸಿಟ್ ವೀಸಾ, ಅದು ಕಷ್ಟ ಇಲ್ಲ. ಅವಳ ಹತ್ತಿರ ಜರ್ಮನಿಯ ವಾಸದ ಪರವಾನಗಿ ಇದ್ರೆ ಭಾರತದ ಪಾಸ್‌ಪೋರ್ಟಿಗೂ ಅಲ್ಲಿ ಇಳಿದ ಮೇಲೆಯೇ 14 ದಿನದ ವೀಸಾ ಸಿಗ್ತದೆ. ಮದುವೆಯಾಗದವರು ಒಟ್ಟಿಗೆ ಉಳಿದ್ರೆ ಮೊದಲು ಅಪರಾಧ ಇತ್ತು, 2020ರ ನವೆಂಬರಿನಲ್ಲಿ ಆ ಕಾನೂನು ಬದಲಾಯ್ತು.

ಮುಳ್ಳೇರಿಯ ಸಿಸ್ಟರ್

ಅವಳು ರಜೆ ಕೂಡಿಡ್ತಿದ್ದಾಳೆ ಅಂತ ಮೊದಲನೇ ಪೋಸ್ಟಿನಲ್ಲೇ ಉಂಟಲ್ಲ. ದುಬೈಗೆ ಬರ್ಲಿಕ್ಕೆ ರಜೆ ಇದ್ರೆ ಪೆರ್ಲಕ್ಕೇ ಬರ್ತಿದ್ಳು.

ಉಪ್ಪಳ ಎಕ್ಸ್‌ಪ್ರೆಸ್

ಹೌದಲ್ವಾ.

ಕುಂಬಳೆ ಲೋಕಲ್

ದುಬೈ ದಾರಿಯಲ್ಲಿ ಹೋದ್ರೂ ಜೇಬಿನಲ್ಲಿ ವೀಳ್ಯದೆಲೆ ಇಟ್ಕೊಳ್ಬೇಡಿ ತೋಟಗಾರರೇ. ಅಲ್ಲಿ ಎಲೆ-ಪಾನ್ ನಿಷಿದ್ಧ. ಭಟ್ರ ಮಗನ ಗೋಟಿನ ಕತೆ ಕೊಚ್ಚಿಯ ಕೌಂಟರಿಗೆ ಮಾತ್ರ ಸಾಕು.

ನೀರ್ಚಾಲ್ ಭಟ್ರು

ಅದು ಕೊಚ್ಚಿ ಅಲ್ಲ, ಬೆಂಗಳೂರು.

ಪೆರ್ಲದ ತೋಟಗಾರ

ಅದನ್ನೇ ಕೇಳುವ ಅಂತ ಇದ್ದೆ. ನಾವು ಕೇರಳದವರು ಅರ್ಜಿ ಎಲ್ಲಿ ಕೊಡುವುದು?

ಮ್ಯೂನಿಕ್ ಮಾಣಿ

ಜರ್ಮನಿಯ ಮಟ್ಟಿಗೆ ಎರಡೂ ಕಡೆ ಆಗ್ತದೆ. ಅರ್ಜಿ ತೆಗೊಳ್ಳುವ ವಿಎಫ್‌ಎಸ್ ಕೇಂದ್ರ ಕೊಚ್ಚಿಯಲ್ಲೂ ಉಂಟು, ಬೆಂಗಳೂರಿನಲ್ಲೂ ಉಂಟು. ಎಲ್ಲಿ ಬೇಗ ತಾರೀಕು ಸಿಗ್ತದೋ ಅಲ್ಲಿಗೆ. ಕಾಸರಗೋಡಿನಿಂದ ಎರಡೂ ಕಡೆಗೆ ರಾತ್ರಿ ರೈಲು ಇದೆ. ಬೆರಳಚ್ಚು ಕೊಡ್ಬೇಕು, ಹಾಗಾಗಿ ನೀವೇ ಹೋಗ್ಬೇಕು.

ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಸೆಪ್ಟೆಂಬರ್ ಅಂದ್ರೆ ಈಗಲೇ ತಾರೀಕು ಹಿಡಿಯಿರಿ, ಬೇಸಿಗೆ ರಜೆಯ ಗಲಾಟೆಯಲ್ಲಿ ಸಿಗುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು, ಎಲ್ಲ ಷೆಂಗೆನ್ ದೇಶಕ್ಕೆ ನಡೆಯುವಂಥದ್ದು. ವಾಪಸು ಬರುವ ದಿನದ ನಂತರ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರ್ಬೇಕು, ನಿಮ್ಮದು ಹೊಸತು, ಚಿಂತೆ ಇಲ್ಲ. ಟಿಕೆಟ್ ರಿಸರ್ವೇಶನ್ ಸಾಕು, ದುಡ್ಡು ವಾಪಸು ಬಾರದ ಟಿಕೆಟನ್ನು ವೀಸಾ ಕೈಗೆ ಬರುವ ಮೊದಲು ತೆಗೀಬೇಡಿ.

ಒಂದು ಪುಟದ ಪತ್ರ ನೀವೇ ಬರೀರಿ. ಯಾರನ್ನು ನೋಡ್ಲಿಕ್ಕೆ, ಯಾವಾಗ ನಿಶ್ಚಿತಾರ್ಥ, ಯಾವಾಗ ಮದುವೆ, ಅಕ್ಟೋಬರಿನಲ್ಲಿ ಯಾಕೆ ತೋಟದಲ್ಲಿ ಇರಲೇಬೇಕು. ಛತ್ರ ಬುಕ್ ಮಾಡಿದ ರಶೀದಿ ಇದ್ರೆ ಅದನ್ನೂ ಲಗತ್ತಿಸಿ. ಮದುವೆ ಊರಿನಲ್ಲೇ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಡೂರು ಅಣ್ಣ

ಅದಕ್ಕಿಂತ ಸುಲಭ ಹೇಳ್ತೇನೆ. ಈಗಲೇ ಪಂಚಾಯತಿನಲ್ಲಿ ಮದುವೆ ರಿಜಿಸ್ಟರ್ ಮಾಡಿ. ಗಂಡ ಅಂತ ಆದ ಮೇಲೆ ಯಾರು ತಡೀತಾರೆ?

ಮಂಜೇಶ್ವರ ಮೇಷ್ಟ್ರು

ಪಂಚಾಯತಿನಲ್ಲಿ ಆಗುವುದು ನಡೆದ ಮದುವೆಯ ನೋಂದಣಿ. ನಡೆಯದ ಮದುವೆಯನ್ನು ಅವರು ಹೇಗೆ ಬರೆದುಕೊಳ್ಳುತ್ತಾರೆ? ವಿಶೇಷ ವಿವಾಹ ಕಾಯ್ದೆಯಲ್ಲಿ ಮಾಡುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 30 ದಿನದ ನೋಟಿಸು, ಆಮೇಲೆ ಇಬ್ಬರೂ ಹಾಜರಿರಬೇಕು. ಹುಡುಗಿ ಇಲ್ಲಿಲ್ಲ ಅನ್ನುವುದೇ ಸಮಸ್ಯೆ ಅಲ್ಲವೇ ಅಣ್ಣಾ.

ಮ್ಯೂನಿಕ್ ಮಾಣಿ

ಮತ್ತೆ, ಗಂಡ ಅಂತ ಆದ್ರೆ ಭೇಟಿಯ ವೀಸಾ ಸುಲಭ ಆಗ್ತದೆ ಅಂತಲೂ ಇಲ್ಲ. "ಇವ ಭೇಟಿಗೆ ಅಂತ ಬಂದು ಇಲ್ಲೇ ಉಳೀತಾನೆ" ಅಂತ ಇನ್ನೂ ಜಾಸ್ತಿ ಸಂಶಯ ಬರಬಹುದು. ಗಂಡನಾಗಿ ಇರ್ಲಿಕ್ಕೆ ಹೋಗುವ ವೀಸಾ ಬೇರೆಯೇ, ಅದಕ್ಕೆ ಸಾಮಾನ್ಯವಾಗಿ ಜರ್ಮನ್ ಭಾಷೆಯ ಮೊದಲ ಹಂತದ ಎ1 ಪರೀಕ್ಷೆ ಆಗಿರ್ಬೇಕು. ಅದನ್ನು ಮಳೆಗಾಲದಲ್ಲಿ ಮನೆಯಲ್ಲಿ ಕೂತು ಕಲೀಲಿಕ್ಕೆ ಶುರುಮಾಡಿ, ಹೇಗೂ ಬೇಕಾಗ್ತದೆ.

ಸಿಡಿಲಮರಿ

ಅಂದ್ರೆ ಮದುವೆಯಾದ ಮೇಲೆ ತೋಟ ಬಿಟ್ಟು ಹೋಗುವವನಾ ಇವ? ಮತ್ತೆ "ತೋಟ ಉಂಟು, ವಾಪಸು ಬರ್ತೇನೆ" ಅಂತ ಈಗ ಬರೆಯುವುದು ಸುಳ್ಳಲ್ವಾ? ಏಜೆಂಟ್ ಹೇಳಿದ್ರೆ ಮಾತ್ರ ಸುಳ್ಳು!

ಪೆರ್ಲದ ತೋಟಗಾರ

ಇಲ್ಲ. ನಾವು ಮಾತಾಡಿಕೊಂಡದ್ದು ಬೇರೆ. ಅವಳು ಇನ್ನು ಕೆಲವು ವರ್ಷ ಅಲ್ಲಿ, ನಾನು ಇಲ್ಲಿ, ಆಮೇಲೆ ಅವಳು ಊರಿಗೆ. ನಾನು ತೋಟ ಬಿಡುವುದಿಲ್ಲ. ಅಪ್ಪನಿಗೆ ಮರ ಹತ್ತಿಸುವವರ ಹಿಂದೆ ಓಡ್ಲಿಕ್ಕೆ ಆಗುವುದಿಲ್ಲ ಈಗ. ಸೆಪ್ಟೆಂಬರಿನಲ್ಲಿ ಹೋಗಿ ಅಕ್ಟೋಬರಿಗೆ ಬರುವುದು ಅಂತ ಬರೆದ್ರೆ ಅದು ಇದ್ದದ್ದೇ ಬರೆದ ಹಾಗೆ.

ಸಿಡಿಲಮರಿ

ಎಲ್ಲರೂ ಮೊದಲು ಹೀಗೇ ಹೇಳುವುದು. ಇರ್ಲಿ, ಒಳ್ಳೇದಾಗ್ಲಿ.

ಕುರುಡಪದವು ಹುಡುಗ

ಅಂತಾರಾಷ್ಟ್ರೀಯ ಗಡಿ ಬಿಡಿ, 2020ರಲ್ಲಿ ಕೊರೋನಾ ಹೊತ್ತಿಗೆ ನಮಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿಯೇ ಜರ್ಮನಿ ಆಗಿತ್ತು. ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದ್ದು ನೆನಪುಂಟಾ? ನನ್ನ ಅಕ್ಕನಿಗೆ ಆಗಷ್ಟೇ ಮದುವೆ ಗೊತ್ತಾದದ್ದು ಕರ್ನಾಟಕದ ದೇರಳಕಟ್ಟೆಯ ಹುಡುಗನ ಜೊತೆ. ಭಾವ ಬೈಕಿನಲ್ಲಿ ಗಡಿ ತನಕ ಬಂದು ಆಚೆ ನಿಲ್ಲುವುದು, ನಾವು ಈಚೆ. ಒಂದು ದಿನ ಹಲಸಿನ ಹಣ್ಣು ತಂದಿದ್ರು. ಅದನ್ನು ದಾಟಿಸಿದ್ದು ಪೊಲೀಸಿನವರು!

ಬದಿಯಡ್ಕದ ಅಕ್ಕ

ನಗುವ ವಿಷಯ ಅಲ್ಲ ಅದು. ಮಂಗಳೂರಿನ ಆಸ್ಪತ್ರೆಗೆ ಮುಟ್ಲಿಕ್ಕಾಗದೆ ನಮ್ಮ ಕಡೆಯ ಎಷ್ಟು ರೋಗಿಗಳು ತೀರಿಕೊಂಡ್ರು. ಆ ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗ್ಬೇಕಾಯ್ತು.

ಕುಂಬಳೆ ಲೋಕಲ್

ಕಾಸರಗೋಡಿನಲ್ಲಿ ಒಳ್ಳೆ ಆಸ್ಪತ್ರೆ ಇದ್ದಿದ್ರೆ...

ನಿರ್ವಾಹಕರು

ಆಸ್ಪತ್ರೆ, ತಲಪಾಡಿ ವಿಷಯಕ್ಕೆ ಬೇರೆ ಚರ್ಚೆ ನಡೀತಾ ಉಂಟು, ಅಲ್ಲಿ ಮುಂದುವರಿಸಿ. ಇಲ್ಲಿ ವೀಸಾ ಮಾತ್ರ.

ಸ್ವರ್ಗ ಸೀಮೆ

ವೀಸಾ ಆದ್ರೆ ಸಾಕಲ್ವಾ? ಅಲ್ಲಿ ಇಳಿದ ಮೇಲೆ ಏನಾದ್ರೂ ಕೇಳ್ತಾರಾ?

ಮ್ಯೂನಿಕ್ ಮಾಣಿ

ಕೇಳ್ತಾರೆ. ವೀಸಾ ಇದ್ರೂ ಒಳಗೆ ಬಿಡುವುದು ಗಡಿ ಪೊಲೀಸರ ತೀರ್ಮಾನ. ಷೆಂಗೆನ್ ದೇಶಗಳಲ್ಲಿ ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲಿಯೇ ತಪಾಸಣೆ. ಪ್ಯಾರಿಸಿನಲ್ಲಿ ವಿಮಾನ ಬದಲಿಸುವುದಾದ್ರೆ ಪ್ಯಾರಿಸಿನವರೇ ಕೇಳುವುದು. ಎಷ್ಟು ದಿನ, ಯಾರ ಮನೆ, ವಾಪಸು ಟಿಕೆಟ್ ತೋರಿಸಿ, ಇಷ್ಟೇ. ಜವಾಬ್ದಾರಿ ಪತ್ರದ ಪ್ರತಿ, ವಿಮೆ, ಅವಳ ವಿಳಾಸ, ಫೋನ್ ನಂಬರ್ ಕೈಚೀಲದಲ್ಲಿರ್ಲಿ, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. 2025ರ ಅಕ್ಟೋಬರ್ 12ರಿಂದ ಇಇಎಸ್ ಅಂತ ಹೊಸ ವ್ಯವಸ್ಥೆ ಶುರುವಾಗಿದೆ. ಪಾಸ್‌ಪೋರ್ಟಿಗೆ ಸೀಲ್ ಹೊಡೆಯುವ ಬದಲು ಬಂದ ದಿನ ಹೋದ ದಿನ ಎಲ್ಲ ಕಂಪ್ಯೂಟರಿನಲ್ಲಿ. ಒಂದು ದಿನ ಹೆಚ್ಚು ಉಳಿದ್ರೂ ಗೊತ್ತಾಗ್ತದೆ.

ಅಡೂರು ಅಣ್ಣ

90 ದಿನ ಇರಬಹುದಲ್ವಾ? ಮೂರೇ ವಾರ ಯಾಕೆ?

ಮಂಜೇಶ್ವರ ಮೇಷ್ಟ್ರು

ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ, ಅದು ಮೇಲ್ಮಿತಿ. ಒಬ್ಬೊಬ್ಬರಿಗೆ ಎಷ್ಟು ದಿನ ಅಂತ ವೀಸಾದ ಚೀಟಿಯಲ್ಲೇ ಬರೆದಿರುತ್ತದೆ. ಮೊದಲ ಸಲದವರಿಗೆ ಕೇಳಿದಷ್ಟೇ ದಿನ ಕೊಡುವುದು ಸಾಮಾನ್ಯ.

ಬದಿಯಡ್ಕದ ಅಕ್ಕ

ಅವಳಿಗೆ ಅಮ್ಮನ ಕೈಯ ತುಪ್ಪ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗು ತಮ್ಮಾ.

ಮುಳ್ಳೇರಿಯ ಸಿಸ್ಟರ್

ಉಪ್ಪಿನಕಾಯಿ ಸರಿ, ತುಪ್ಪ ಬೇಡ ಅಕ್ಕಾ! ಹಾಲಿನದ್ದು, ಮಾಂಸದ್ದು ಯಾವುದನ್ನೂ ಯುರೋಪಿಗೆ ಹೊರಗಿನಿಂದ ತರುವ ಹಾಗಿಲ್ಲ. ಪೇಡ, ಹಾಲುಬಾಯಿ ಎಲ್ಲ ಅದೇ ಲೆಕ್ಕ. ಹಸಿ ಕರಿಬೇವೂ ಆಗುವುದಿಲ್ಲ, ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಇಲ್ಲದೆ ಬಿಡುವ ಹಣ್ಣು ಐದೇ: ಅನಾನಸು, ಬಾಳೆ, ಖರ್ಜೂರ, ದುರಿಯಾನ್, ಮತ್ತೆ ತೆಂಗಿನಕಾಯಿ.

ನೀರ್ಚಾಲ್ ಭಟ್ರು

ಹಾಲುಬಾಯಿಗೆ ಹಾಲು ಹಾಕುವುದು ಯಾವ ಊರಿನಲ್ಲಿ? ನಮ್ಮಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು.

ಮುಳ್ಳೇರಿಯ ಸಿಸ್ಟರ್

ಕಸ್ಟಮ್ಸಿನವರಿಗೆ ನೀವೇ ಬಂದು ಹೇಳಿ ಭಟ್ರೇ. ಹಲಸಿನ ಹಪ್ಪಳ, ಮಾಂಬಳ ತಂದ್ರೆ ಅವಳಿಗೆ ಖುಷಿ. ನನ್ನ ವಿಳಾಸಕ್ಕೂ ಒಂದು ಕಟ್ಟು.

ಪೆರ್ಲದ ತೋಟಗಾರ

ಕೊಚ್ಚಿಯಲ್ಲಿ ತಾರೀಕು ಸಿಕ್ಕಿತು, ಜುಲೈ ಮೊದಲ ವಾರ. ಏಜೆಂಟರಿಗೆ ಬೇಡ ಅಂದೆ. ಅವಳು ಹಾಸ್ಟೆಲಿನಲ್ಲಿ ಕೇಳಿದ್ಳು, ಆಗುವುದಿಲ್ಲವಂತೆ. ಎರಡು ಬೀದಿ ಆಚೆ ಒಬ್ಬರು ಅಜ್ಜಿಯ ಮನೆಯಲ್ಲಿ ರೂಮು ನೋಡಿದ್ದಾಳೆ, ಕರಾರು ಪತ್ರ ಕೊಡ್ತಾರಂತೆ. ಗ್ರಾಮ ಕಚೇರಿಯ ಕಾಗದ ಬರ್ಲಿಕ್ಕೆ ಬಾಕಿ. ಒಂದು ವೇಳೆ ರಿಜೆಕ್ಟ್ ಆದ್ರೆ ಅಪೀಲು ಉಂಟಾ?

ಮ್ಯೂನಿಕ್ ಮಾಣಿ

ಮೊದಲು ಕಾನ್ಸುಲೇಟಿಗೇ ಪತ್ರ ಬರೆದು ಮತ್ತೆ ನೋಡಿ ಅಂತ ಕೇಳಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಅದನ್ನು ನಿಲ್ಲಿಸಿದೆ. ಈಗ ಕಾರಣ ನೋಡಿ ಹೊಸತಾಗಿ ಅರ್ಜಿ ಹಾಕುವುದು, ಇಲ್ಲದಿದ್ರೆ ಬರ್ಲಿನ್ನಿನ ಕೋರ್ಟಿಗೆ ಹೋಗುವುದು. ಹಾಗಾಗಿ ಮೊದಲ ಸಲವೇ ಕಟ್ಟು ಗಟ್ಟಿ ಇರ್ಲಿ.

ನೀರ್ಚಾಲ್ ಭಟ್ರು

ಅದೆಲ್ಲ ಆಗ್ತದೆ. ಮಳೆ ಹೀಗೇ ಹಿಡಿದ್ರೆ ಸೆಪ್ಟೆಂಬರಿನಲ್ಲಿ ಮೂರನೇ ಮದ್ದು ಬಿಡ್ಬೇಕಾಗ್ತದೆ. ಕೊಳೆರೋಗ ಬಂದ್ರೆ ಅಪ್ಪನೊಬ್ಬರಿಂದ ಆಗ್ಲಿಕ್ಕಿಲ್ಲ. ಯಾರಿಗಾದ್ರೂ ಹೇಳಿಟ್ಟಿದ್ದೀಯಾ?

ಪೆರ್ಲದ ತೋಟಗಾರ

ತಂಗಿಯ ಗಂಡನಿಗೆ ಹೇಳಿದ್ದೇನೆ. ಮೈಲುತುತ್ತು, ಸುಣ್ಣ ತಂದಿಟ್ಟು ಹೋಗ್ತೇನೆ. ಮರ ಹತ್ತುವವರ ನಂಬರ್ ಇದ್ರೆ ಕೊಡಿ ಭಟ್ರೇ, ನಮ್ಮವ ಈ ಸಲ ಕೈಕೊಟ್ಟ.

ನೀರ್ಚಾಲ್ ಭಟ್ರು

ಇಲ್ಲಿ ಹಾಕಿದ್ರೆ ಎಲ್ಲರೂ ಎಳ್ಕೊಂಡು ಹೋಗ್ತಾರೆ. ಖಾಸಗಿಯಾಗಿ ಕಳಿಸ್ತೇನೆ.

ಉಪ್ಪಳ ಎಕ್ಸ್‌ಪ್ರೆಸ್

ನನಗೂ ಕಳಿಸಿ ಭಟ್ರೇ.